1982ರ ಮನೆ, ಹೀಟ್ ಪಂಪು, ನೆಲದೊಳಗೆ ಪೈಪು: ಹಾಕಿದ ದುಡ್ಡಿಗೆ ಲಾಭ ಇದೆಯಾ?

ನೆಕಾರ್_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಸ್ಟುಟ್‌ಗಾರ್ಟ್ ಹತ್ತಿರ, 1982ರಲ್ಲಿ ಕಟ್ಟಿದ್ದು. ನೆಲಮಹಡಿ 62 ಚದರ ಮೀಟರ್, ಅದರಲ್ಲಿ ಹಾಲ್ 28. ಮೇಲೆ ಮೂರು ಬೆಡ್‌ರೂಮು, ಒಂದು ಬಾತ್‌ರೂಮು. ಅಡಿಯಲ್ಲಿ ಹೀಟಿಂಗ್ ಇಲ್ಲದ ಸೆಲ್ಲಾರ್. ಕಿಟಕಿ ಬದಲಿಸಿ ಆಗಿದೆ, ಗೋಡೆಗೆ ಹೊರಗಿನಿಂದ ಇನ್ಸುಲೇಷನ್ ಇಲ್ಲ. ಎಣ್ಣೆ ಬಾಯ್ಲರ್ ತೆಗೆದು ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸುವುದು ತೀರ್ಮಾನ ಆಗಿದೆ. ಈಗ ಎಲ್ಲಾ ಕಡೆ ರೇಡಿಯೇಟರ್.

ಗುತ್ತಿಗೆದಾರರು ಮೂರು ದಾರಿ ಹೇಳುತ್ತಾರೆ. ಇರುವ ಎಸ್ಟ್ರಿಷ್‌ನಲ್ಲೇ (ಇನ್ಸುಲೇಷನ್ ಮೇಲೆ ಹಾಕಿದ ಸಿಮೆಂಟ್ ಪದರ, ನಮ್ಮಲ್ಲಿ 55 ಮಿ.ಮೀ. ಇದೆ) ಗಾಡಿ (ಪೈಪು ಕೂರುವಷ್ಟು ಸಣ್ಣ ಕಾಲುವೆ) ಕೊರೆದು ಪೈಪು ಕೂರಿಸುವುದು, ಎಲ್ಲಾ ಒಡೆದು ಹೊಸದಾಗಿ ಹಾಕುವುದು, ಅಥವಾ ಏನೂ ಮಾಡದೆ ರೇಡಿಯೇಟರ್‌ಗಳನ್ನೇ ಇಟ್ಟುಕೊಳ್ಳುವುದು. ಮೇಲ್ಮಹಡಿಯ ನೆಲ ಮುಟ್ಟುವ ಯೋಚನೆ ಇಲ್ಲ.

ಲಾಭ ನಿಜವಾಗಿ ಎಷ್ಟು? ಟೈಲ್ಸೋ ಮರವೋ? ಚಳಿಗಾಲದಲ್ಲಿ ಊರಿಂದ ಹಿರಿಯರು ಬರುತ್ತಾರೆ, ನೆಲದ ಮೇಲೆ ಕೂರುವವರು. ಕಾಲಿಗೆ ಒಳ್ಳೆಯದಲ್ಲ, ನರ ಉಬ್ಬುತ್ತದೆ ಅಂತ ಒಬ್ಬರು ಹೆದರಿಸಿದ್ದಾರೆ, ಅದಕ್ಕೂ ಉತ್ತರ ಬೇಕು.

---

ಪೈಪುಗಣಿತ:

ಮೊದಲು ನರದ ವಿಷಯ ಮುಗಿಸಿಬಿಡೋಣ. ಇದು 1960–70ರ ದಶಕದ ನೆಲಗಳಿಂದ ಬಂದ ಮಾತು. ಆಗಿನ ಮನೆಗಳಿಗೆ ಇನ್ಸುಲೇಷನ್ ಇರಲಿಲ್ಲ, ಮನೆ ಬೆಚ್ಚಗಾಗಲಿ ಅಂತ ನೆಲವನ್ನು ಅತಿಯಾಗಿ ಕಾಯಿಸುತ್ತಿದ್ದರು. ಈಗಿನ ಯುರೋಪಿನ ಇಎನ್ 1264 ಮಾನದಂಡದ ಪ್ರಕಾರ ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ಮೀರುವಂತಿಲ್ಲ. ಬಾತ್‌ರೂಮಿಗೆ 33, ಕಿಟಕಿ ಪಕ್ಕದ ಅಂಚಿನ ಪಟ್ಟಿಗೆ 35. ನಿಮ್ಮ ಮನೆಯಲ್ಲಿ 29 ಕೂಡ ಬರುವುದಿಲ್ಲ, ಲೆಕ್ಕ ನೋಡಿ.

ನೆಲ ರೂಮಿಗಿಂತ 9 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಚದರ ಮೀಟರಿಗೆ ಸುಮಾರು 100 ವ್ಯಾಟ್ ಕೊಡುತ್ತದೆ. ಇಂಥ ಮನೆಗೆ ಅತಿ ಚಳಿಯ ದಿನ, ಅಂದರೆ ಹೊರಗೆ ಮೈನಸ್ 12 ಇರುವಾಗ, ಚದರ ಮೀಟರಿಗೆ 70 ವ್ಯಾಟ್ ಬೇಕು ಅಂತ ಇಟ್ಟುಕೊಳ್ಳಿ. ಆಗ ನೆಲ 26.5 ಡಿಗ್ರಿ ಇದ್ದರೆ ಸಾಕು. ಹೊರಗೆ 5 ಡಿಗ್ರಿ ಇರುವ ಮಾಮೂಲಿ ಚಳಿಗಾಲದ ದಿನ ಬೇಕಾಗುವುದು 33 ವ್ಯಾಟ್ ಆಸುಪಾಸು, ನೆಲ 23ರ ಹತ್ತಿರ. ಅಂಗಾಲು ಅದಕ್ಕಿಂತ ಬಿಸಿ ಇರುತ್ತದೆ. ಹಾಗಾಗಿ ಮುಟ್ಟಿದರೆ "ಬಿಸಿ" ಅನ್ನಿಸುವುದಿಲ್ಲ, ಬರೀ ತಣ್ಣಗಿಲ್ಲ ಅನ್ನಿಸುತ್ತದೆ, ಅಷ್ಟೆ. ಊರಿಂದ ಬಂದವರು ಕೈಯಿಟ್ಟು ನೋಡಿ "ಇದು ಆನ್ ಆಗಿದೆಯಾ?" ಅಂತ ಕೇಳಿದರೆ ಸಿಸ್ಟಮ್ ಸರಿಯಾಗಿದೆ ಅಂತಲೇ ಅರ್ಥ. ನೆಲ ಸುಡುತ್ತಿದೆ ಅಂದರೆ ಒಂದೋ ಮನೆ ಸೋರುತ್ತಿದೆ, ಇಲ್ಲವೇ ಯಾರೋ ನೀರಿನ ಉಷ್ಣತೆ ಏರಿಸಿಟ್ಟಿದ್ದಾರೆ.

ದುಡ್ಡು ಉಳಿಯುವುದು ಆ ನೀರಿನ ಉಷ್ಣತೆಯಲ್ಲಿ. ಹಳೆ ರೇಡಿಯೇಟರ್‌ಗೆ 55ರಿಂದ 70 ಡಿಗ್ರಿ ನೀರು ಬೇಕು. ಪೈಪನ್ನು 10 ಸೆಂ.ಮೀ. ಅಂತರದಲ್ಲಿ ಹಾಕಿ ಮೇಲೆ ಟೈಲ್ಸ್ ಕೂರಿಸಿದ ನೆಲಕ್ಕೆ ಅತಿ ಚಳಿಯಲ್ಲೂ 33–35 ಸಾಕು. ನೀರು ಒಂದು ಡಿಗ್ರಿ ಇಳಿದರೆ ಹೀಟ್ ಪಂಪ್ ಸುಮಾರು ಎರಡರಿಂದ ಎರಡೂವರೆ ಶೇಕಡಾ ಕಡಿಮೆ ಕರೆಂಟು ತಿನ್ನುತ್ತದೆ. 50ರಿಂದ 35ಕ್ಕೆ ಇಳಿಸಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಗ್ಯಾಸ್ ಬಾಯ್ಲರ್ ಇದ್ದಿದ್ದರೆ ಇಷ್ಟು ಜೋರಾಗಿ ಹೇಳುತ್ತಿರಲಿಲ್ಲ. ಅಲ್ಲಿ ಲಾಭ ಇದೆ, ಆದರೆ ತೆಳು.

ಎರಡನೆಯದು ಮೈಗೆ ಅನ್ನಿಸುವ ಬಿಸಿ. ದೇಹಕ್ಕೆ ಗೊತ್ತಾಗುವುದು ಗಾಳಿಯ ಉಷ್ಣತೆ ಮತ್ತು ಸುತ್ತಲಿನ ಮೇಲ್ಮೈಗಳ ಉಷ್ಣತೆ ಎರಡರ ಸರಾಸರಿ. ನೆಲ ಬೆಚ್ಚಗಿದ್ದರೆ ಗಾಳಿ ಒಂದು ಡಿಗ್ರಿ ಕಡಿಮೆ ಇದ್ದರೂ ವ್ಯತ್ಯಾಸ ತಿಳಿಯುವುದಿಲ್ಲ. ರೇಡಿಯೇಟರ್ ಮೇಲಿಂದ ಬಿಸಿ ಗಾಳಿ ಸೂರಿಗೆ ಏರಿ, ಧೂಳು ಹೊತ್ತುಕೊಂಡು ಸುತ್ತು ಹಾಕುವುದೂ ಕಡಿಮೆಯಾಗುತ್ತದೆ. ನೆಲದ ಮೇಲೆ ಕೂತು ಊಟ ಮಾಡುವವರಿಗೆ, ಅಂಬೆಗಾಲಿಡುವ ಮಕ್ಕಳಿಗೆ ಇದಕ್ಕಿಂತ ಬೇರೆ ಬೇಡ. ಕೊರಿಯಾದವರು ಒಲೆಯ ಹೊಗೆಯನ್ನು ಕಲ್ಲುಚಪ್ಪಡಿಯ ಅಡಿ ಹಾಯಿಸಿ ಓಂಡೊಲ್ ಮಾಡಿಕೊಂಡಿದ್ದು ಇದೇ ಕಾರಣಕ್ಕೆ, ಅವರೂ ನೆಲದಲ್ಲಿ ಕೂರುವ, ಮಲಗುವ ಜನ.

ಟೈಲ್ಸೋ ಮರವೋ ಅನ್ನುವುದಕ್ಕೆ: 10 ಮಿ.ಮೀ. ಟೈಲ್ಸ್‌ನ ಶಾಖ ತಡೆ ಸುಮಾರು 0.01, 15 ಮಿ.ಮೀ. ಓಕ್ ಮರದ್ದು 0.08. 70 ವ್ಯಾಟ್ ಹಾಯಬೇಕಾದರೆ ಮರಕ್ಕೆ ನೀರು ಐದು ಡಿಗ್ರಿ ಹೆಚ್ಚು ಬಿಸಿ ಇರಬೇಕು, ಅಂದರೆ ಕರೆಂಟು ಹತ್ತು ಶೇಕಡಾಕ್ಕಿಂತ ಹೆಚ್ಚು ಖರ್ಚು. 0.15 ಮೀರಿದ ಯಾವ ಹೊದಿಕೆಯನ್ನೂ ಹಾಕಬೇಡಿ. ಮರವೇ ಬೇಕೆಂದರೆ ತೆಳುವಾದ, ಪೂರ್ತಿ ಅಂಟಿಸುವ ಪಾರ್ಕೆಟ್ ತೆಗೆದುಕೊಳ್ಳಿ. ಫೋಮ್ ಹಾಸಿ ಅದರ ಮೇಲೆ ಕ್ಲಿಕ್ ಮಾಡಿ ಜೋಡಿಸುವ ಬಗೆ ಬೇಡ, ಅಡಿಯಲ್ಲಿ ಗಾಳಿ ನಿಂತು ಅದೇ ಕಂಬಳಿಯ ಹಾಗೆ ಕೆಲಸ ಮಾಡುತ್ತದೆ.

---

ಕರಣೆ_ಕೈ:

ಮೇಲಿನವರು ಲೆಕ್ಕ ಹೇಳಿದರು, ನಾನು ಕೆಲಸ ಹೇಳುತ್ತೇನೆ.

ಗಾಡಿ ಕೊರೆಯುವ ಯಂತ್ರ ಮನೆಯೊಳಗೆ ಬರುವ ಮೊದಲು ಆಸ್ಬೆಸ್ಟಾಸ್ ಪರೀಕ್ಷೆ ಮಾಡಿಸಿ. ಜರ್ಮನಿಯಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧ ಆದದ್ದು 1993ರಲ್ಲಿ. 1982ರ ಮನೆಯಲ್ಲಿ ಹಳೆ ಪ್ಲಾಸ್ಟಿಕ್ ಟೈಲು, ಅದರ ಕಪ್ಪು ಅಂಟು, ಸಮಮಾಡುವ ಲೇಪ ಇವುಗಳಲ್ಲಿ ಯಾವುದರಲ್ಲಾದರೂ ಇರಬಹುದು. ಅದರ ಮೇಲೆ ಯಂತ್ರ ಓಡಿಸಿದರೆ ನಾರು ಮನೆ ತುಂಬಾ ಹರಡುತ್ತದೆ, ಆಮೇಲೆ ಶುದ್ಧ ಮಾಡುವ ಖರ್ಚಿನಲ್ಲಿ ಇನ್ನೊಂದು ನೆಲ ಹಾಕಿಸಬಹುದು. ಪ್ರತಿ ರೂಮಿನಿಂದ ಒಂದೊಂದು ಸ್ಯಾಂಪಲ್ ಲ್ಯಾಬಿಗೆ ಹೋಗಲಿ. ತೆಗೆಯುವಾಗ ಒದ್ದೆ ಮಾಡಿ ತೆಗೆಯಬೇಕು, ಒಣ ಡ್ರಿಲ್ ಹಾಕಬಾರದು.

ಆಮೇಲೆ ಎಸ್ಟ್ರಿಷ್ ಗಟ್ಟಿ ಇದೆಯಾ ನೋಡಿ. 55 ಮಿ.ಮೀ. ಅಂತ ಒಂದೇ ಜಾಗದಲ್ಲಿ ಅಳೆದಿದ್ದರೆ ಸಾಲದು. ನಾಲ್ಕೈದು ಕಡೆ ತೂತು ಮಾಡಿ. ಮೂಲೆಗಳಲ್ಲಿ 40 ಸಿಕ್ಕರೆ ಆಶ್ಚರ್ಯ ಇಲ್ಲ, ಅಲ್ಲಿ 18 ಮಿ.ಮೀ. ಗಾಡಿ ಹೊಡೆದರೆ ಬಿರುಕು ಗ್ಯಾರಂಟಿ. ಸುತ್ತಿಗೆಯಲ್ಲಿ ಬಡಿದು ಕೇಳಿ, ಟೊಳ್ಳು ಸದ್ದು ಬರುವ ಕಡೆ ಗುರುತು ಹಾಕಿ. ಹಳೆ ನೀರಿನ ಪೈಪೋ ಕೇಬಲ್ಲೋ ಎಸ್ಟ್ರಿಷ್‌ನೊಳಗೆ ಹೋಗಿರುತ್ತದೆ, ರೇಡಿಯೇಟರ್‌ಗೆ ಹೋಗುವ ತಾಮ್ರದ ಪೈಪಂತೂ ಬಹಳ ಸಲ ಅಲ್ಲೇ ಇರುತ್ತದೆ. ಬಿಸಿ ನೀರು ಓಡಿಸಿ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ದಾರಿ ಕಾಣುತ್ತದೆ.

ನಿಮ್ಮ ಹಾಲಿನ ಲೆಕ್ಕ: 28 ಚದರ ಮೀಟರ್, 10 ಸೆಂ.ಮೀ. ಅಂತರ, ಅಂದರೆ ಚದರ ಮೀಟರಿಗೆ 10 ಮೀಟರ್ ಪೈಪು, ಒಟ್ಟು 280 ಮೀಟರ್. ಕೊರೆದ ಗಾಡಿಗೆ 14 ಮಿ.ಮೀ. ಪೈಪು ಬರುತ್ತದೆ, ಅದರಲ್ಲಿ ಒಂದು ಸುತ್ತು 80 ಮೀಟರ್ ದಾಟಬಾರದು. ಹಾಗಾಗಿ ಹಾಲಿಗೆ ನಾಲ್ಕು ಸುತ್ತು, ಎಲ್ಲಾ ಸುತ್ತುಗಳಿಗೂ ನೀರು ಹಂಚುವ ಮ್ಯಾನಿಫೋಲ್ಡ್‌ವರೆಗಿನ ಹೋಗಿಬರುವ ದೂರವೂ ಆ 80ರೊಳಗೇ ಸೇರಿರಬೇಕು. 20 ಸೆಂ.ಮೀ. ಅಂತರ ಸಾಕು ಅಂತ ಅಗ್ಗದ ಕೊಟೇಷನ್ ಬಂದರೆ ಸಹಿ ಹಾಕಬೇಡಿ. ಪೈಪಿನಲ್ಲಿ ಉಳಿಸಿದ ದುಡ್ಡನ್ನು ಮುಂದಿನ ಮೂವತ್ತು ವರ್ಷ ಕರೆಂಟಿಗೆ ಕಟ್ಟುತ್ತೀರಿ.

ಪೈಪು ಆಮ್ಲಜನಕ ತಡೆಯುವ ಪದರ ಇರುವುದೇ ಆಗಿರಬೇಕು. ಹಳೆಯ ಪ್ಲಾಸ್ಟಿಕ್ ಪೈಪುಗಳಲ್ಲಿ ಆ ಪದರ ಇಲ್ಲದೆ ಆಮ್ಲಜನಕ ಒಳಗೆ ನುಸುಳಿ, ಕಬ್ಬಿಣದ ಭಾಗಗಳು ತುಕ್ಕು ಹಿಡಿದು, ಕಪ್ಪು ಕೆಸರು ಮ್ಯಾನಿಫೋಲ್ಡ್‌ನ ನೀರಿನ ಹರಿವು ತೋರಿಸುವ ಗಾಜಿನ ಮೀಟರ್‌ಗಳಲ್ಲಿ ಕೂತಿರುವುದನ್ನು ಈಗಲೂ ಕಾಣಬಹುದು.

ಪೂರ್ತಿ ಒಡೆದು ಹಾಕುವುದಾದರೆ ಎತ್ತರ ನೋಡಿಕೊಳ್ಳಿ. 30 ಮಿ.ಮೀ. ಇನ್ಸುಲೇಷನ್, 16 ಮಿ.ಮೀ. ಪೈಪು, ಪೈಪಿನ ಮೇಲೆ 45 ಮಿ.ಮೀ. ಸಿಮೆಂಟ್ ಎಸ್ಟ್ರಿಷ್, ಒಟ್ಟು 91. ಹಳೆಯದರಲ್ಲಿ 55 ಮತ್ತು ಅದರಡಿ 40 ಇನ್ಸುಲೇಷನ್ ಇದ್ದರೆ 95 ಸಿಗುತ್ತದೆ, ಬಾಗಿಲು ಕತ್ತರಿಸುವ ಕೆಲಸ ಇಲ್ಲ. ಕ್ಯಾಲ್ಸಿಯಂ ಸಲ್ಫೇಟ್‌ನ ಹರಿಯುವ ಎಸ್ಟ್ರಿಷ್ ಆದರೆ ಪೈಪಿನ ಮೇಲೆ 35–40 ಸಾಕು, ಉಳಿದದ್ದನ್ನು ಇನ್ಸುಲೇಷನ್‌ಗೆ ಕೊಡಬಹುದು.

ಇದರಲ್ಲಿ ಕೆಡುವುದು ಹೆಚ್ಚಾಗಿ ಅವಸರದಿಂದ. ಗೋಡೆ ಸುತ್ತ ಅಂಚಿನ ಫೋಮ್ ಪಟ್ಟಿ ಒಂದು ಕಡೆ ಬಿಟ್ಟುಹೋದರೂ ಎಸ್ಟ್ರಿಷ್ ಹಿಗ್ಗಲು ಜಾಗ ಇಲ್ಲದೆ ಟೈಲ್ಸ್ ಏಳುತ್ತದೆ, ಸದ್ದೂ ಗೋಡೆಗೆ ದಾಟುತ್ತದೆ. ಬಾಗಿಲ ಹೊಸ್ತಿಲಲ್ಲಿ ಜಾಯಿಂಟ್ ಬಿಡಬೇಕು, ಅಲ್ಲಿ ದಾಟುವ ಪೈಪಿಗೆ ತೋಳು (ಹೊರಗಿನ ಕೊಳವೆ) ತೊಡಿಸಬೇಕು. ಎಸ್ಟ್ರಿಷ್ ಸುರಿಯುವ ಮೊದಲು 4ರಿಂದ 6 ಬಾರ್ ಒತ್ತಡದ ಪರೀಕ್ಷೆ; ಸುರಿಯುವಾಗಲೂ ಒತ್ತಡ ಹಾಗೇ ಇರಲಿ, ಯಾರಾದರೂ ಸಲಿಕೆಯಲ್ಲಿ ಪೈಪು ಕುಯ್ದರೆ ಆಗಲೇ ಮೀಟರಿನ ಮುಳ್ಳು ಬೀಳುತ್ತದೆ. ಸಿಮೆಂಟ್ ಆದರೆ 21 ದಿನ, ಕ್ಯಾಲ್ಸಿಯಂ ಸಲ್ಫೇಟ್ ಆದರೆ 7 ದಿನ ಮುಟ್ಟಬೇಡಿ. ಆಮೇಲೆ 25 ಡಿಗ್ರಿ ನೀರು ಮೂರು ದಿನ, ನಂತರ ಡಿಸೈನ್ ಉಷ್ಣತೆಯಲ್ಲಿ ನಾಲ್ಕು ದಿನ. ಇದಾದ ಮೇಲೂ ತೇವ ಅಳೆಯದೆ ಹೊದಿಕೆ ಹಾಕಬಾರದು: ಕಾರ್ಬೈಡ್ ವಿಧಾನದಲ್ಲಿ ಸಿಮೆಂಟಿಗೆ 1.8 ಶೇಕಡಾ ಮೀರಬಾರದು. ತೇವ ಅಳೆಯಲು ಚಕ್ಕೆ ತೆಗೆಯುವ ಜಾಗದಲ್ಲಿ ಪೈಪು ಬರದಂತೆ ಮೊದಲೇ ಗುರುತು ಕಂಬಿ ನಿಲ್ಲಿಸಿರಬೇಕು. ಇದನ್ನು ಮರೆಯುವವರೇ ಜಾಸ್ತಿ, ಆಮೇಲೆ ಎಲ್ಲಿ ಒಡೆಯುವುದು ಅಂತ ತಲೆ ಕೆರೆದುಕೊಳ್ಳುತ್ತಾರೆ.

---

ಮೂರನೇ_ಮೆಟ್ಟಿಲು:

ಇಬ್ಬರೂ ಹೇಳಿದ್ದು ಸರಿ, ಆದರೆ ಮೇಲ್ಮಹಡಿಯನ್ನು ಇಬ್ಬರೂ ಮರೆತಿದ್ದೀರಿ. ಪ್ರಶ್ನೆಯಲ್ಲೇ ಇದೆ: ಮೇಲೆ ರೇಡಿಯೇಟರ್ ಹಾಗೇ ಇರುತ್ತದೆ.

ಹೀಟ್ ಪಂಪ್ ಒಂದೇ. ಮೇಲಿನ ರೇಡಿಯೇಟರ್‌ಗೆ 50 ಡಿಗ್ರಿ ಬೇಕಾದರೆ ಅದು 50 ಡಿಗ್ರಿ ನೀರನ್ನೇ ತಯಾರಿಸುತ್ತದೆ, ಕೆಳಗಿನ ನೆಲಕ್ಕೆ ಮಿಕ್ಸರ್ ವಾಲ್ವ್‌ನಲ್ಲಿ ತಣ್ಣಗೆ ಮಾಡಿ ಕಳಿಸುತ್ತದೆ. ಕರೆಂಟಿನ ಲೆಕ್ಕದಲ್ಲಿ ನೀವು ನೆಲ ಕೊರೆದದ್ದು ದಂಡ. ಕಾಲು ಬೆಚ್ಚಗಿರುತ್ತದೆ, ಬಿಲ್ಲು ಹಾಗೇ ಇರುತ್ತದೆ.

ಹಾಗಾಗಿ ಮೇಲಿನ ರೇಡಿಯೇಟರ್‌ಗಳನ್ನು 40 ಡಿಗ್ರಿಗೆ ಇಳಿಸಲೇಬೇಕು. ಕ್ಯಾಟಲಾಗಿನಲ್ಲಿ ಬರೆದ ವ್ಯಾಟ್ 75/65 ಡಿಗ್ರಿ ನೀರಿಗೆ (ಒಳಗೆ ಹೋಗುವಾಗ 75, ವಾಪಸ್ ಬರುವಾಗ 65). 40/35 ನೀರಿನಲ್ಲಿ ಅದೇ ರೇಡಿಯೇಟರ್ ಕೊಡುವುದು ಅದರ ಕಾಲು ಭಾಗ. 600 ವ್ಯಾಟ್ ಬೇಕಾದ ಬೆಡ್‌ರೂಮಿಗೆ ಕ್ಯಾಟಲಾಗಿನಲ್ಲಿ 2,400 ವ್ಯಾಟ್ ಅಂತ ಇರುವುದನ್ನು ಹಾಕಬೇಕು. 60 ಸೆಂ.ಮೀ. ಎತ್ತರ, ಒಂದು ಮೀಟರ್ ಉದ್ದದ, ಮೂರು ಫಲಕದ ಟೈಪ್ 33 ಸುಮಾರು ಅಷ್ಟು ಕೊಡುತ್ತದೆ. ದಪ್ಪ, ನೋಡಲು ಅಷ್ಟೇನೂ ಚೆಂದ ಇಲ್ಲ, ಆದರೆ ನೆಲ ಒಡೆಯುವುದಕ್ಕೆ ಹೋಲಿಸಿದರೆ ಖರ್ಚು ಏನೂ ಅಲ್ಲ.

ಇನ್ನೊಂದು ಸೆಲ್ಲಾರ್. ಗಾಡಿ ಕೊರೆದರೆ ಅಡಿಯ ಇನ್ಸುಲೇಷನ್ ಅದೇ ಹಳೆ 40 ಮಿ.ಮೀ. ಪೈಪು ಪದರ 33 ಡಿಗ್ರಿ, ಸೆಲ್ಲಾರ್ 10 ಡಿಗ್ರಿ ಇದ್ದರೆ ಚದರ ಮೀಟರಿಗೆ 17–18 ವ್ಯಾಟ್ ಕೆಳಗೆ ಸೋರುತ್ತದೆ. ಆಲೂಗಡ್ಡೆ ಮೂಟೆಗೆ ಹೀಟಿಂಗ್ ಕೊಟ್ಟ ಹಾಗೆ. ಸೆಲ್ಲಾರ್ ಸೂರಿಗೆ 8 ಸೆಂ.ಮೀ. ಒಳ್ಳೆ ಇನ್ಸುಲೇಷನ್ ಬೋರ್ಡ್ ಅಂಟಿಸಿದರೆ ಅದು 6 ವ್ಯಾಟಿಗೆ ಬರುತ್ತದೆ. ಇದನ್ನು ಮೊದಲು ಮಾಡಿ. ರಜೆಯಲ್ಲಿ ಸ್ವಂತ ಕೈಯಲ್ಲೇ ಮಾಡಬಹುದಾದ ಕೆಲಸ.

ನನ್ನ ಕೇಳಿದರೆ: ರೂಮುವಾರು ಶಾಖದ ಲೆಕ್ಕ (ಇಎನ್ 12831 ಪ್ರಕಾರ) ಮಾಡಿಸಿ, ಸೆಲ್ಲಾರ್ ಸೂರು ಮುಚ್ಚಿ, ಮೇಲೆ ರೇಡಿಯೇಟರ್ ದೊಡ್ಡದು ಮಾಡಿ, ಆಮೇಲೆ ದುಡ್ಡು ಉಳಿದರೆ ನೆಲ ಕೊರೆಯಿರಿ. ಸಹಾಯಧನ ಕೇಳುವುದಾದರೆ ಕೆಎಫ್‌ಡಬ್ಲ್ಯೂ (ಜರ್ಮನಿಯ ಸರ್ಕಾರಿ ಬ್ಯಾಂಕು) ಅರ್ಜಿ ಕೆಲಸ ಶುರುವಾಗುವ ಮೊದಲೇ ಹೋಗಬೇಕು, ಹೀಟ್ ಪಂಪ್ ಜೊತೆಗೆ ನೆಲದ ಕೆಲಸವನ್ನೂ ಅದೇ ಅರ್ಜಿಯಲ್ಲಿ ತೋರಿಸಿ.

---

ನೆಕಾರ್_ದಂಡೆ:

ಮೇಲ್ಮಹಡಿಯ ವಿಷಯ ತಲೆಗೇ ಬಂದಿರಲಿಲ್ಲ, ಧನ್ಯವಾದ. ಇನ್ನು ಮೂರು ಸಣ್ಣ ಪ್ರಶ್ನೆ. ರಾತ್ರಿ ಆಫ್ ಮಾಡಬಹುದಾ? ಪ್ರತಿ ರೂಮಿಗೂ ಥರ್ಮೋಸ್ಟಾಟ್ ಬೇಕಾ? ಮೇಲಿನ ಬಾತ್‌ರೂಮಿಗೆ ಎಲೆಕ್ಟ್ರಿಕ್ ಮ್ಯಾಟ್ (ಟೈಲ್ಸ್ ಅಡಿ ಹಾಸುವ, ಬಿಸಿಯಾಗುವ ತಂತಿಯ ಬಲೆ) ಹಾಕಿದರೆ ಹೇಗೆ? ನಾಲ್ಕನೆಯದು ನಗಬೇಡಿ: ಈಗ ದೋಸೆ ಹಿಟ್ಟು ಹುದುಗುವುದು ರೇಡಿಯೇಟರ್ ಮೇಲೆ. ಅದು ಹೋದರೆ ಪಾತ್ರೆ ಎಲ್ಲಿಡುವುದು?

---

ಪೈಪುಗಣಿತ:

ರಾತ್ರಿ ಆಫ್ ಬೇಡ. 55 ಮಿ.ಮೀ. ಎಸ್ಟ್ರಿಷ್ ಚದರ ಮೀಟರಿಗೆ 110 ಕೆ.ಜಿ. ತೂಗುತ್ತದೆ. 62 ಚದರ ಮೀಟರ್ ನೆಲ ಮೂರು ಡಿಗ್ರಿ ಇಳಿದರೆ ಬೆಳಗ್ಗೆ ಅದನ್ನು ಮೇಲೆತ್ತಲು ಐದೂವರೆ–ಆರು ಯೂನಿಟ್ ಶಾಖ ಬೇಕು, ಅದೂ ಹೊರಗೆ ಅತಿ ಚಳಿ ಇರುವ ಹೊತ್ತಿನಲ್ಲಿ, ಮಾಮೂಲಿಗಿಂತ ಬಿಸಿ ನೀರಿನಲ್ಲಿ. ಉಳಿಸಿದ್ದಕ್ಕಿಂತ ಕಳೆದದ್ದು ಹೆಚ್ಚಾಗಬಹುದು. ಒಂದು ಡಿಗ್ರಿ ಇಳಿಸಿಕೊಳ್ಳಿ ಬೇಕಾದರೆ. ಈ ನೆಲಕ್ಕೆ ಅವಸರ ಗೊತ್ತಿಲ್ಲ. ಈಗ ತಿರುಗಿಸಿದ ಗುಂಡಿಯ ಫಲ ಮೂರು ಗಂಟೆ ಬಿಟ್ಟು ಕಾಣುತ್ತದೆ.

ಥರ್ಮೋಸ್ಟಾಟ್ ಬಗ್ಗೆ: ಎಲ್ಲಾ ರೂಮಿನವು ತಮ್ಮಷ್ಟಕ್ಕೆ ವಾಲ್ವ್ ಮುಚ್ಚುತ್ತಾ ಹೋದರೆ ಹೀಟ್ ಪಂಪಿಗೆ ನೀರು ಹರಿಸಲು ಜಾಗವೇ ಇರುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಆನ್-ಆಫ್ ಆಗಿ ಕಂಪ್ರೆಸರ್ ಸವೆಯುತ್ತದೆ. ಹೊರಗಿನ ಘಟಕದ ಮಂಜು ಕರಗಿಸಲೂ ಅದಕ್ಕೆ ಮನೆಯೊಳಗಿನ ನೀರಿನ ಶಾಖ ಬೇಕು. ಹಾಲ್, ಅಡುಗೆಮನೆ ವಾಲ್ವ್‌ಗಳು ಯಾವಾಗಲೂ ತೆರೆದಿರಲಿ. ನಿಯಂತ್ರಣ ಮಾಡಬೇಕಾದದ್ದು ಮ್ಯಾನಿಫೋಲ್ಡ್‌ನಲ್ಲಿ. ನಿಮಿಷಕ್ಕೆ ಒಂದು ಲೀಟರ್ ನೀರು 5 ಡಿಗ್ರಿ ತಣ್ಣಗಾಗಿ ವಾಪಸ್ ಬಂದರೆ 350 ವ್ಯಾಟ್ ಕೊಟ್ಟಿದೆ ಅಂತ. ಹಾಲಿಗೆ 1,960 ವ್ಯಾಟ್ ಬೇಕು, ಅಂದರೆ 5.6 ಲೀಟರ್, ನಾಲ್ಕು ಸುತ್ತಿಗೆ ಹಂಚಿದರೆ ತಲಾ 1.4. ಗಾಜಿನ ಮೀಟರಿನಲ್ಲಿ ಅಷ್ಟಕ್ಕೆ ತಿರುಗಿಸಿ. ಆಮೇಲೆ ಹೊರಗಿನ ಚಳಿಗೆ ತಕ್ಕ ನೀರಿನ ಉಷ್ಣತೆಯ ಗೆರೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಿ. ಯಾವುದಾದರೂ ಒಂದು ರೂಮು ತಣ್ಣಗಾಯಿತು ಅನ್ನಿಸಿದಾಗ ಒಂದು ಹೆಜ್ಜೆ ಹಿಂದೆ. ಬಿಸಿಲು ಬಿದ್ದು ರೂಮು 20ರಿಂದ 22ಕ್ಕೆ ಏರಿದರೆ 24 ಡಿಗ್ರಿಯ ನೆಲ ತಾನಾಗಿಯೇ ಅರ್ಧ ಶಾಖ ಮಾತ್ರ ಕೊಡುತ್ತದೆ, ಅದಕ್ಕೆ ಎಲೆಕ್ಟ್ರಾನಿಕ್ಸ್ ಬೇಡ.

ಒಂದು ರೂಮು ಮಾತ್ರ ಬಿಸಿಯಾಗದಿದ್ದರೆ ಮೂರೇ ಕಾರಣ: ಸುತ್ತಿನಲ್ಲಿ ಗಾಳಿ ಸಿಕ್ಕಿಕೊಂಡಿದೆ (ಒಂದೊಂದೇ ಸುತ್ತನ್ನು ತೆರೆದು ನೀರು ಹಾಯಿಸಿ ತೊಳೆಯಬೇಕು), ಬೇಸಿಗೆಯಿಡೀ ಮುಚ್ಚಿದ್ದ ವಾಲ್ವಿನ ಪಿನ್ನು ಅಂಟಿಕೊಂಡಿದೆ (ಮೇಲಿನ ಟೋಪಿ ತೆಗೆದು ಒತ್ತಿಬಿಟ್ಟರೆ ಪುಟಿಯಬೇಕು), ಅಥವಾ ಚೀಟಿ ತಪ್ಪಿ ಅಡುಗೆಮನೆಯ ಥರ್ಮೋಸ್ಟಾಟ್ ಹಾಲಿನ ವಾಲ್ವ್ ಆಡಿಸುತ್ತಿದೆ. ಮೂರನೆಯದೇ ಜಾಸ್ತಿ.

ದೋಸೆ ಹಿಟ್ಟಿಗೆ ಮ್ಯಾನಿಫೋಲ್ಡ್ ಕಪಾಟೇ ಜಾಗ. ಎಲ್ಲಾ ಸುತ್ತುಗಳೂ ಅಲ್ಲಿ ಕೂಡುವುದರಿಂದ ಮನೆಯಲ್ಲೇ ಬೆಚ್ಚನೆ ಮೂಲೆ ಅದು. ಅದರ ಮುಂದಿನ ನೆಲದ ಮೇಲೆ ಪಾತ್ರೆ ಇಟ್ಟು ಮೇಲೊಂದು ದಪ್ಪ ಟವಲ್ ಮುಚ್ಚಿ. ಟವಲ್ ಅಡಿ ಶಾಖ ನಿಂತು ಪಾತ್ರೆಯ ತಳ ರೂಮಿಗಿಂತ ನಾಲ್ಕೈದು ಡಿಗ್ರಿ ಮೇಲಿರುತ್ತದೆ. ಕಪಾಟಿನ ಒಳಗೆ ಮಾತ್ರ ಇಡಬೇಡಿ. ಹಿಟ್ಟು ಉಕ್ಕಿ ವೈರಿಂಗ್ ಮೇಲೆ ಹರಿದರೆ ಯಾವ ವಾರಂಟಿಯೂ ಬರುವುದಿಲ್ಲ.

---

ಕರಣೆ_ಕೈ:

ಬಾತ್‌ರೂಮ್ ಮ್ಯಾಟ್ ಹಾಕಬಹುದು, ಅದನ್ನೇ ಹೀಟಿಂಗ್ ಅಂತ ನಂಬಬೇಡಿ. ಟಬ್, ಕಮೋಡ್, ಕಪಾಟು ಬಿಟ್ಟರೆ ಉಳಿಯುವ ನೆಲ 3 ಚದರ ಮೀಟರ್, ಚದರ ಮೀಟರಿಗೆ 150 ವ್ಯಾಟ್‌ನಂತೆ 450 ವ್ಯಾಟ್. ಬೆಳಗ್ಗೆ ಎರಡು ಗಂಟೆ ಹಾಕಿದರೆ ಸುಮಾರು ಒಂದು ಯೂನಿಟ್, ಅಷ್ಟಕ್ಕೆ ಪರವಾಗಿಲ್ಲ. ರೂಮು ಕಾಯಿಸಲು ರೇಡಿಯೇಟರ್ ಇರಲಿ.

ಹಾಕುವಾಗ ಓಮ್ ಮೀಟರ್ ಕೈಯಲ್ಲಿರಲಿ. 450 ವ್ಯಾಟ್ ಮ್ಯಾಟಿಗೆ 230 ವೋಲ್ಟ್‌ನಲ್ಲಿ ಸುಮಾರು 118 ಓಮ್ ತೋರಿಸಬೇಕು. ಪೊಟ್ಟಣ ಬಿಚ್ಚಿದಾಗ ಒಮ್ಮೆ, ಹಾಸಿದ ಮೇಲೆ ಒಮ್ಮೆ, ಟೈಲ್ಸ್ ಕೂತ ಮೇಲೆ ಒಮ್ಮೆ ಅಳೆದು ಬರೆದಿಡಿ. ಕರಣೆಯ ಅಂಚು ತಾಗಿ ತಂತಿ ತುಂಡಾಗಿದ್ದರೆ ಎರಡನೇ ಅಳತೆಯಲ್ಲೇ ಗೊತ್ತಾಗಲಿ, ಟೈಲ್ಸ್ ಮುಚ್ಚಿದ ಮೇಲಲ್ಲ. ತಿರುಗಿಸಲು ಬಲೆ ಕತ್ತರಿಸಬಹುದು, ತಂತಿ ಎಂದೂ ಕತ್ತರಿಸಬಾರದು. ಸೆನ್ಸರನ್ನು ನೇರವಾಗಿ ಹೂಳದೆ ಒಂದು ಕೊಳವೆಯೊಳಗೆ, ಎರಡು ತಂತಿಗಳ ನಡುಮಧ್ಯೆ ಇಡಿ. ಕೆಟ್ಟರೆ ಎಳೆದು ಬೇರೆ ಹಾಕಬಹುದು. 30 ಮಿಲಿ ಆಂಪಿಯರ್ ಆರ್‌ಸಿಡಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಕಡ್ಡಾಯ, ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನೇ ಮಾಡಬೇಕು. ಟೈಲ್ಸ್ ಅಂಟು ಪೂರ್ತಿ ಒಣಗುವವರೆಗೆ ಸ್ವಿಚ್ ಮುಟ್ಟಬೇಡಿ, ಎಷ್ಟು ದಿನ ಅಂತ ಚೀಲದ ಮೇಲೆ ಬರೆದಿರುತ್ತದೆ.

ಕೆಳಗಿನ ನೆಲಕ್ಕೆ ಕೊನೆಯದಾಗಿ: ಗಾಡಿ ಮುಚ್ಚುವ ಮೊದಲು ಪ್ರತಿ ರೂಮಿನಲ್ಲೂ ಗೋಡೆಯಿಂದ ಟೇಪು ಎಳೆದಿಟ್ಟು, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಬಾಗಿಲ ಸ್ಟಾಪರ್, ಅಡುಗೆಮನೆ ಕಟ್ಟೆಯ ಕಾಲು, ದೇವರ ಮಂಟಪದ ಸ್ಕ್ರೂ ಎಲ್ಲಿ ಬರುತ್ತದೆ ಅನ್ನುವುದು ಆಗಲೇ ಗೊತ್ತಿದ್ದರೆ ಅಲ್ಲಿ ಪೈಪು ಬಿಡಿಸಿಬಿಡಿ. ಕೊರೆದ ಗಾಡಿಯಲ್ಲಿ ಪೈಪು ಟೈಲ್ಸ್‌ನಿಂದ ಒಂದು ಸೆಂ.ಮೀ. ಕೂಡ ಆಳ ಇರುವುದಿಲ್ಲ, ಅದನ್ನು ತೂತು ಮಾಡಲು 6 ಮಿ.ಮೀ. ಡ್ರಿಲ್ ಬಿಟ್ ಸಾಕು.

---

ಮೂರನೇ_ಮೆಟ್ಟಿಲು:

ಹಾಲಿಗೆ ದಪ್ಪ ಜಮಖಾನೆ ಹಾಸುವ ಅಂದಾಜಿದ್ದರೆ ಈಗಲೇ ಹೇಳಿಬಿಡಿ, ಲೆಕ್ಕ ಹಾಕುವವರು ಬರೀ ಟೈಲ್ಸ್ ಅಂತ ಬರೆದುಕೊಂಡು ಹೋಗುತ್ತಾರೆ. ಹಿರಿಯರಿಗೆ ಕೂರಲು ತೆಳು ಚಾಪೆ ಸಾಕು, ಅದರ ಮೇಲೆ ಕೂತರೆ ಐದೇ ನಿಮಿಷದಲ್ಲಿ ಅಡಿ ಬೆಚ್ಚಗಾಗುತ್ತದೆ. ಸೆಲ್ಲಾರ್ ಸೂರಿನ ಅಳತೆ ತೆಗೆದ ಮೇಲೆ ಇಲ್ಲೇ ಹಾಕಿ, ಬೋರ್ಡು ಎಷ್ಟು ಬೇಕು ಅಂತ ನೋಡೋಣ. ಪೈಪು, ಲೈಟು ಇರುವ ಕಡೆ ಕತ್ತರಿಸಿ ವ್ಯರ್ಥವಾಗುವುದಕ್ಕೆ ಹತ್ತು ಶೇಕಡಾ ಹೆಚ್ಚಿಗೆ ಹಿಡಿದುಕೊಳ್ಳಿ.